ಕ್ಷಮಿಸುವ ಅಧಿಕಾರ

ಡಿಸೆಂಬರ್ 6, 2008, ಶನಿವಾರ

ಗುರುಲಿಂಗಪ್ಪನಿಗೆ ಮನೆಗೆ ಹೋಗಬೇಕಂತೆ.

ನಿನ್ನೆ ಗ್ರ್ಯಾಂಡ್ ರ್ಯಾಪಿಡ್ಸ್‌ನ ಸರ್ಕಾರಿ ವಕೀಲರ ಕಚೇರಿಯಿಂದ ಫೋನು ಬಂತು. ಕೊವಾಲ್ಸ್ಕಿ ಎಂಬ ಹೆಂಗಸು. ಮೊಕದ್ದಮೆ ನಡೆದಾಗಲೂ ನಮ್ಮ ಜೊತೆ ಮಾತಾಡುತ್ತಿದ್ದವಳು ಅವಳೇ. ಸತ್ತವರ ಮನೆಯವರಿಗೆ ವಿಷಯ ಮುಟ್ಟಿಸುವುದು ಅವಳ ಕೆಲಸ. ಗುರು ತನ್ನ ಉಳಿದ ಶಿಕ್ಷೆಯನ್ನು ಕಡಿಮೆ ಮಾಡಬೇಕೆಂದು ಅಧ್ಯಕ್ಷರಿಗೆ ಅರ್ಜಿ ಹಾಕಿದ್ದಾನೆ, ಮುಂದೆ ಯಾವಾಗಲಾದರೂ ನಮ್ಮ ಅಭಿಪ್ರಾಯ ಕೇಳಬಹುದು ಎಂದಳು. ಅಧ್ಯಕ್ಷರು ಎಂದ ಕೂಡಲೇ ನನ್ನ ತಲೆಗೆ ಬಂದದ್ದು ಕನ್ನಡ ಸಂಘದ ಅಧ್ಯಕ್ಷರು. ಅವಳು ಹೇಳುತ್ತಿರುವುದು ಅಮೆರಿಕದ ಅಧ್ಯಕ್ಷರ ವಿಷಯ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಅಪಘಾತ ಆದದ್ದು ಮಿಶಿಗನ್ ಸರೋವರದ ದಂಡೆಯಲ್ಲಿರುವ ಕೇಂದ್ರ ಸರ್ಕಾರದ ಪಾರ್ಕಿನೊಳಗೆ. ಗೇಟಿನಿಂದ ಒಂದಿಷ್ಟು ಈಚೆಗೆ ಆಗಿದ್ದರೆ ರಾಜ್ಯದ ಕೋರ್ಟು, ರಾಜ್ಯದ ಜೈಲು, ಗವರ್ನರರ ದಯೆ. ಒಳಗೆ ಆದ್ದರಿಂದ ಎಲ್ಲವೂ ವಾಷಿಂಗ್ಟನ್ನಿನದು. ಗುರುವಿನ ಶಿಕ್ಷೆಯನ್ನು ಮಾಫಿ ಮಾಡುವ ಶಕ್ತಿ ಇಡೀ ದೇಶದಲ್ಲಿ ಒಬ್ಬ ಮನುಷ್ಯನಿಗೆ ಮಾತ್ರ.

ಸಂಘದ ಪಿಕ್ನಿಕ್ ಅದು. ಮರಳುದಿಬ್ಬದ ಮೇಲಿಂದ ಸೂರ್ಯಾಸ್ತ ನೋಡಬೇಕು ಎಂದು ನಮ್ಮ ಮಗಳು ತನ್ಮಯಿ ಹಟ ಮಾಡಿದಳು. ನಾನು ಕರೆದುಕೊಂಡು ಹೋಗ್ತೀನಿ ಬಾ ಎಂದು ಗುರು ಎದ್ದ. ನಮ್ಮೂರು ಟ್ರಾಯ್‌ನಲ್ಲಿ, ಕಾರಿನ ಬಿಡಿಭಾಗ ಮಾಡುವ ಒಂದೇ ಕಂಪನಿಯಲ್ಲಿ ನನ್ನ ಜೊತೆ ಹದಿನಾಲ್ಕು ವರ್ಷ ಕೆಲಸ ಮಾಡಿದ ಗೆಳೆಯ. ಅವಳಿಗೆ ಬುದ್ಧಿ ಬಂದಾಗಿನಿಂದ ಗುರು ಅಂಕಲ್. ಮಧ್ಯಾಹ್ನದಿಂದ ಅವನು ಬಿಯರ್ ಕುಡಿಯುತ್ತಿದ್ದದ್ದು ನಮಗೆ ತಿಳಿದದ್ದು ಆಸ್ಪತ್ರೆಯಲ್ಲಿ. ಕಾರು ಮರಕ್ಕೆ ಹೊಡೆದದ್ದು ಅವಳು ಕೂತಿದ್ದ ಕಡೆಯಿಂದ. ಅವನು ಕುಂಟುತ್ತ ಇಳಿದು ಬಂದ. ಆರು ವರ್ಷ ಶಿಕ್ಷೆ ಆಯಿತು.

ಅರ್ಜಿಗೆ ಕಾರಣ ಏನು ಎಂದು ಕೇಳಿದೆ. ಹೆಂಡತಿಗೆ ನರಗಳ ಕಾಯಿಲೆ, ನೋಡಿಕೊಳ್ಳಲು ಯಾರೂ ಇಲ್ಲ ಎಂದು ಬರೆದಿದ್ದಾನಂತೆ.

ಫೋನು ಇಟ್ಟ ಮೇಲೆ ನನಗೆ ಸಂತೋಷವಾಯಿತು. ಇದನ್ನು ನನ್ನ ಹೆಂಡತಿ ಪದ್ಮಜಾಗೆ ಹೇಳಲಿಲ್ಲ. ಇಷ್ಟು ದಿನ ಅವನಿಗೆ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಈಗ ಒಂದು ಇದೆ.

ಡಿಸೆಂಬರ್ 9

ಕೆಲಸ ಹೋದ ಮೇಲೆ ಹೊತ್ತು ಬೇಕಾದಷ್ಟಿದೆ. ಟ್ರಾಯ್ ಲೈಬ್ರರಿಯಲ್ಲಿ ಕೂತು ಈ ದೇಶದ ಸಂವಿಧಾನದ ಮೊದಲ ಎರಡು ವಿಧಿಗಳನ್ನು ಓದಿದೆ. ಪೌರತ್ವದ ಪರೀಕ್ಷೆಗೆಂದು ಹಿಂದೆ ಬಾಯಿಪಾಠ ಮಾಡಿದ್ದೆ, ಓದಿರಲಿಲ್ಲ.

ಅಧ್ಯಕ್ಷ ಸೇನೆಗೆ ದಂಡನಾಯಕ, ಆದರೆ ಯುದ್ಧ ಸಾರಬೇಕಾದದ್ದು ಕಾಂಗ್ರೆಸ್ಸು, ಅಂದರೆ ಇಲ್ಲಿನ ಸಂಸತ್ತು. ಒಪ್ಪಂದ ಮಾಡಬಹುದು, ಅದರ ಮೇಲ್ಮನೆ ಸೆನೆಟ್ ಒಪ್ಪಬೇಕು. ಮಂತ್ರಿಗಳನ್ನೂ ನ್ಯಾಯಾಧೀಶರನ್ನೂ ಹೆಸರಿಸಬಹುದು, ಅದಕ್ಕೂ ಸೆನೆಟ್. ಮಸೂದೆ ತಳ್ಳಿಹಾಕಬಹುದು, ಮೂರರಲ್ಲಿ ಎರಡು ಪಾಲು ಜನ ಸೇರಿದರೆ ಅವನನ್ನೇ ತಳ್ಳಿಹಾಕಿ ಕಾನೂನು ಮಾಡಬಹುದು. ಎಲ್ಲ ಕಡೆ ಅವನ ಕೈ ಹಿಡಿಯಲು ಇನ್ನೊಬ್ಬರಿದ್ದಾರೆ. ಕ್ಷಮೆಯೊಂದಕ್ಕೆ ಮಾತ್ರ ಯಾರನ್ನೂ ಕೇಳಬೇಕಾಗಿಲ್ಲ. ಕಾರಣ ಕೊಡಬೇಕಾಗಿಲ್ಲ. ಸತ್ತವಳ ಅಪ್ಪನನ್ನು ಕೇಳುವುದು ಕೂಡ ಬರೀ ಸೌಜನ್ಯ, ಕಡ್ಡಾಯವಲ್ಲ.

ತನ್ಮಯಿಯನ್ನು ಈ ಅಧ್ಯಕ್ಷ ಒಮ್ಮೆಯೂ ನೋಡಿಲ್ಲ. ಅವಳ ಸಾವನ್ನು ಕ್ಷಮಿಸುವ ಅಧಿಕಾರ ಯಾರದಾದರೂ ಆಗಿದ್ದರೆ ಅದು ನನ್ನದು, ಪದ್ಮಜಾಳದು. ನಮ್ಮನ್ನು ಕೇಳದೆ ಇನ್ನೂರು ವರ್ಷದ ಹಿಂದೆಯೇ ಯಾರೋ ಅದನ್ನು ಅವನಿಗೆ ಬರೆದುಕೊಟ್ಟಿದ್ದಾರೆ.

ಆದರೆ ಕ್ಷಮೆಯ ಮಾತಿರುವ ಎರಡನೆಯ ವಿಧಿಯಲ್ಲೇ, ಸ್ವಲ್ಪ ಕೆಳಗೆ, ಅವನ ಕರ್ತವ್ಯವೂ ಇದೆ: ಕಾನೂನುಗಳು ನಿಷ್ಠೆಯಿಂದ ಜಾರಿಯಾಗುವಂತೆ ನೋಡಿಕೊಳ್ಳಬೇಕು. ಕೊವಾಲ್ಸ್ಕಿಗೆ ಅದನ್ನೇ ಹೇಳುತ್ತೇನೆ. ಅಧಿಕಾರ ತೋರಿಸುವುದು ಬೇಡ, ಕರ್ತವ್ಯ ಮಾಡಲಿ.

ಡಿಸೆಂಬರ್ 19

ಅಧಿಕಾರ ಬಿಡುವ ಅಧ್ಯಕ್ಷರು ಹೋಗುವ ಮುಂಚೆ ಒಂದಷ್ಟು ಜನರನ್ನು ಬಿಡುವುದು ರೂಢಿಯಂತೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಕಂಪ್ಯೂಟರಿನಲ್ಲಿ ಹೆಸರುಗಳನ್ನು ನೋಡುತ್ತೇನೆ. ಪದ್ಮಜಾ ಆಸ್ಪತ್ರೆಯ ಕೆಲಸಕ್ಕೆ ಹೊರಡುವಾಗ ಏನು ನೋಡ್ತಿದೀರ ಎಂದು ಕೇಳಿದಳು. ಕೆಲಸ ಹುಡುಕ್ತಿದೀನಿ ಎಂದೆ.

ಜನವರಿ 20, 2009

ಹೊಸ ಅಧ್ಯಕ್ಷರ ಪ್ರಮಾಣವಚನ. ಊರೆಲ್ಲ ಟೀವಿಯ ಮುಂದೆ. ಪದ್ಮಜಾ ಅತ್ತಳು, ಸಂತೋಷಕ್ಕೆ. ಅಧ್ಯಕ್ಷ ಪದವಿಯನ್ನು ನಿಷ್ಠೆಯಿಂದ ನಿರ್ವಹಿಸುತ್ತೇನೆ ಎಂಬ ಮಾತಿಗಾಗಿ ನಾನು ಕಾದು ಕೂತಿದ್ದೆ.

ಹಳಬರು ಹೋದರು. ಗುರುವಿನ ಹೆಸರು ಬರಲಿಲ್ಲ. ಈಗ ಅರ್ಜಿ ಇವರ ಮೇಜಿಗೆ.

ಜನವರಿ 27

ಇಂದು ಗುರುವಿನ ಮನೆಯಿರುವ ಊರು ನೋವೈಗೆ ಹೋಗಿದ್ದೆ. ಅವನ ಹೆಂಡತಿ ನಿರುಪಮಾಳ ಕಾಯಿಲೆ ನಿಜವೋ ನಾಟಕವೋ ನೋಡಲು.

ಷರೀಫರ ದಿನಸಿ ಅಂಗಡಿಗೆ ಅವಳು ಮಂಗಳವಾರ ಬರುತ್ತಾಳೆಂದು ಗೊತ್ತಿತ್ತು. ದಾವಣಗೆರೆಯ ಷರೀಫರು ಎಲ್ಲರಿಗೂ ಬೇಕಾದ ಮನುಷ್ಯ; ಮಾತಿನ ಮಧ್ಯೆ ಅವರೇ ಹೇಳಿದ್ದರು. ಕಾರಿನಲ್ಲಿ ಕೂತೇ ಕಾದೆ. ಹೊರಗೆ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಕಲ್ಲಾಗುವ ಚಳಿ. ಅವಳು ಸಂಘದವರಲ್ಲಿ ಯಾರದೋ ಕಾರಿನಿಂದ ಇಳಿದಳು. ಕೈಯಲ್ಲಿ ಕೋಲು. ಎರಡೂವರೆ ವರ್ಷದ ಕೆಳಗೆ ಪಿಕ್ನಿಕ್‌ನಲ್ಲಿ ಥ್ರೋಬಾಲ್ ಆಡಿದ ಹೆಂಗಸು. ನಿಧಾನವಾಗಿ, ನೆಲವನ್ನು ನೋಡುತ್ತ ಒಳಗೆ ಹೋದಳು.

ಸಾಮಾನು ಹಿಡಿದು ಹೊರಗೆ ಬಂದಾಗ ಕಾಲು ಜಾರಿತೋ, ಕಾಲೇ ಕೈಕೊಟ್ಟಿತೋ, ಹಿಮದ ಮೇಲೆ ಕುಸಿದಳು. ತೊಂಡೆಕಾಯಿ ಚೆಲ್ಲಿತು. ಕರೆದುಕೊಂಡು ಬಂದವಳು ಎಲ್ಲಿದ್ದಳೋ. ನಿರುಪಮಾ ಎದ್ದೇಳಲು ಪ್ರಯತ್ನಿಸಿದಳು, ಆಗಲಿಲ್ಲ. ಮತ್ತೆ ಪ್ರಯತ್ನಿಸಿದಳು. ಕೊನೆಗೆ ಷರೀಫರು ಓಡಿ ಬಂದು ಎಬ್ಬಿಸಿದರು. ನಾನು ಸ್ಟೀರಿಂಗ್ ಹಿಡಿದು ಕೂತೇ ಇದ್ದೆ.

ನಾಟಕವಲ್ಲ. ಹಾಳಾಗಿ ಹೋಗಲಿ, ನಾಟಕವಲ್ಲ.

ಜನವರಿ 29

ಎರಡು ದಿನ ಯೋಚಿಸಿ ದಾರಿ ಹೊಳೆಯಿತು.

ಅವನ ಅರ್ಜಿ ನಿಂತಿರುವುದು ಒಂದೇ ಕಂಬದ ಮೇಲೆ: ಹೆಂಡತಿಯನ್ನು ನೋಡಿಕೊಳ್ಳಲು ಯಾರೂ ಇಲ್ಲ. ಕಾಯಿಲೆಯನ್ನು ನಾನು ಸುಳ್ಳು ಮಾಡಲಾರೆ. 'ಯಾರೂ ಇಲ್ಲ' ಎಂಬುದನ್ನು ಸುಳ್ಳು ಮಾಡಬಹುದು. ಅವಳಿಗೆ ಜನ ಇರುವಂತೆ ಮಾಡಿದರೆ ಆಯಿತು. ಆಸ್ಪತ್ರೆಗೆ ಕರೆದುಕೊಂಡು ಹೋಗುವವರು, ಹಿಮ ಬಾಚುವವರು, ಸಾಮಾನು ತರುವವರು. ಕೊವಾಲ್ಸ್ಕಿ ಕೇಳಿದ ದಿನ ಹೇಳುತ್ತೇನೆ: ಅಮ್ಮಾ, ಆಕೆಗೆ ಯಾವ ಕೊರತೆಯೂ ಇಲ್ಲ, ಗಂಡ ಅಲ್ಲೇ ಕೊಳೆಯಲಿ.

ಬೇರೆಯವರನ್ನು ನಂಬಲಾಗದು. ಸಂಘದವರು ಎರಡು ವಾರ ಬಂದು ಮೂರನೆಯ ವಾರ ನೆಪ ಹೇಳುತ್ತಾರೆ. ನಾನೇ ಹೋಗುತ್ತೇನೆ.

ಫೆಬ್ರವರಿ 4, ಬುಧವಾರ

ಹೋದೆ. ಡ್ರೈವ್‌ವೇಯಲ್ಲಿ ಮೊಣಕಾಲು ಮಟ್ಟದ ಹಿಮ. ಗಂಟೆ ಒತ್ತುವ ಮೊದಲು ಅದನ್ನು ಬಾಚಿದೆ. ಬಾಚುವಾಗ ಪ್ರತಿ ಸಲಿಕೆಗೂ ಅವನ ಹೆಸರು ಹೇಳಿದೆ.

ಬಾಗಿಲು ತೆರೆದವಳು ತುಂಬ ಹೊತ್ತು ನನ್ನನ್ನೇ ನೋಡಿದಳು. ಮೊಕದ್ದಮೆಯ ದಿನ ಕೋರ್ಟಿನ ಹೊರಗೆ ಅವಳು ಕೈ ಮುಗಿದಾಗ ನಾನು ಮುಖ ತಿರುಗಿಸಿದ್ದೆ; ಅದಾದ ಮೇಲೆ ಇದೇ ಮೊದಲು ಎದುರುಬದುರು ಆದದ್ದು.

"ಒಳಗ ಬರ್ರಿ ಅಣ್ಣಾರ," ಎಂದಳು. ಹುಬ್ಬಳ್ಳಿ ಕಡೆಯವಳು, ಮೊದಲಿನಿಂದಲೂ ಹಾಗೇ ಕರೆಯುತ್ತಿದ್ದಳು. ಆ ಕರೆ ಕೇಳಿ ಮೈ ಉರಿಯಿತು.

ಒಳಗೆ ಬರುವುದಿಲ್ಲ, ಬುಧವಾರ ನಿಮಗೆ ಕಾಲಿನ ಥೆರಪಿ ಇದೆಯೆಂದು ಷರೀಫರು ಹೇಳಿದರು, ನಾನು ಕರೆದುಕೊಂಡು ಹೋಗುತ್ತೇನೆ ಎಂದೆ. ಯಾಕೆಂದು ಅವಳು ಕೇಳಲಿಲ್ಲ. ಕೋಟು ಹಾಕಿಕೊಂಡು ಬಂದಳು. ಹೋಗುವಾಗಲೂ ಬರುವಾಗಲೂ ರೇಡಿಯೋದಲ್ಲಿ ಯಾವ ಕಾರ್ಖಾನೆ ಮುಚ್ಚಿತು, ಯಾವುದು ಮುಚ್ಚಲಿದೆ ಎಂಬ ಸುದ್ದಿ.

ಒಂದು ವಾರದ ಸಾಕ್ಷ್ಯ ಸಿಕ್ಕಿತು.

ಫೆಬ್ರವರಿ 25

ಹೋದೆ. ಹಿಮ. ಮಾತಿಲ್ಲ.

ಮಾರ್ಚ್ 30

ಅಧ್ಯಕ್ಷರ ಕಡೆಯವರ ಒಂದು ಮಾತಿಗೆ, ಸರ್ಕಾರದ ಸಾಲದಲ್ಲಿ ನಿಂತಿರುವ ದೊಡ್ಡ ಕಾರು ಕಂಪನಿಯ ಮುಖ್ಯಸ್ಥನೇ ಹುದ್ದೆ ಬಿಟ್ಟ ಸುದ್ದಿ. ಸಂವಿಧಾನದ ಯಾವ ಸಾಲಿನಲ್ಲಿ ಹೀಗೆ ಬರೆದಿದೆ ಎಂದು ಷರೀಫರ ಅಂಗಡಿಯಲ್ಲಿ ಜನ ವಾದ ಮಾಡುತ್ತಿದ್ದರು. ಸಾಲ ಕೊಡುವವನು ಹೇಳಿದಂತೆ ಕೇಳಬೇಕಾಗುತ್ತದೆ, ಅದಕ್ಕೆ ಸಾಲು ಬೇಕಾಗಿಲ್ಲ ಎಂದರು ಷರೀಫರು. ನಾನು ವಾದಕ್ಕೆ ನಿಲ್ಲಲಿಲ್ಲ. ಬಚ್ಚಲುಮನೆಯ ಗೋಡೆಗೆ ಹಾಕುವ ಹಿಡಿಕೆ ತರಲು ಹೋಗಬೇಕಾಗಿತ್ತು.

ಕಳೆದ ವಾರ ನಿರುಪಮಾ ಸ್ನಾನದ ತೊಟ್ಟಿಯಲ್ಲಿ ಬಿದ್ದಳಂತೆ. ಬಿದ್ದು ಏನಾದರೂ ಆದರೆ ಅದು ಅವನ ಅರ್ಜಿಗೇ ಲಾಭ. ಬರೀ ಗೋಡೆಯ ಹಲಗೆಗೆ ಸ್ಕ್ರೂ ಹೊಡೆದರೆ ಮೈಭಾರಕ್ಕೆ ಕಿತ್ತು ಬರುತ್ತದೆ. ಹಿಂದೆ ಮರದ ಕಂಬ ಎಲ್ಲಿದೆ ಎಂದು ಹುಡುಕಿ ಅದಕ್ಕೇ ಕೂರಿಸಿದೆ. ನನ್ನ ಪೂರ್ತಿ ಭಾರ ಹಾಕಿ ಜೋತು ನೋಡಿದೆ. ಅಲುಗಲಿಲ್ಲ. ಬಾಗಿಲ ಹತ್ತಿರ ಇನ್ನೊಂದು ಹಾಕಿದೆ. ಅದು ಬೇಕಾಗಿರಲಿಲ್ಲ, ಆದರೆ ತಂದಾಗಿತ್ತು.

ಕಾಫಿ ಕೊಟ್ಟಳು. ಕುಡಿಯುವುದಿಲ್ಲ ಎಂದು ಮೊದಲ ದಿನವೇ ತೀರ್ಮಾನ ಮಾಡಿದ್ದೆ. ಅವಳ ಕೈ ಲೋಟದ ಜೊತೆ ನಡುಗುತ್ತಿತ್ತು, ಚೆಲ್ಲೀತು ಎಂದು ತೆಗೆದುಕೊಂಡೆ.

ಮೇ 21

ಚಿಕಾಗೋ ಹತ್ತಿರದ ಶಾಂಬರ್ಗ್‌ನಲ್ಲಿ ಇಂಟರ್‌ವ್ಯೂ. ಐದು ತಿಂಗಳಿನಿಂದ ಅಪ್ಲೈ ಮಾಡಿ ಮಾಡಿ ಸಿಕ್ಕ ಮೊದಲನೆಯದು. ಪ್ಯಾಕೇಜಿಂಗ್ ಯಂತ್ರಗಳ ಕಂಪನಿ. ಕಾರುಗಳ ಗೊಡವೆ ಇಲ್ಲ. ನನ್ನ ಕೆಲಸ ಹಿಡಿಸಿತು ಎಂದು ಅಲ್ಲೇ ಹೇಳಿದರು. ವಾಪಸು ಬರುವಾಗ ಸರೋವರದ ಕೆಳತುದಿಯನ್ನು ಸುತ್ತಿ ಬರಬೇಕು. ಆ ನೀರನ್ನು ನೋಡಲಿಲ್ಲ.

ಮೇ 29

ಶಾಂಬರ್ಗ್‌ನವರು ಕರೆದರು. ಬರುವುದಿಲ್ಲ ಎಂದೆ.

ಪದ್ಮಜಾ ಊಟಕ್ಕೆ ಕೂತಾಗ ಕೇಳಿದಳು. ಕೂಗಾಡಲಿಲ್ಲ. ಅವಳು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಾವ್ ಚಿಕಾಗೋಗೆ ಹೋದ್ರೆ ಬುಧವಾರ ನಿರುಪಮಾನ ಕರ್ಕೊಂಡ್ ಹೋಗೋರಿಲ್ಲ, ಅದಕ್ಕೆ ತಾನೆ?"

ಹೌದು, ಆಮೇಲೆ ಗುರು ಹೊರಗೆ ಬರುತ್ತಾನೆ ಎಂದೆ. ಅಷ್ಟೊತ್ತಿಗೆ ನನ್ನ ಲೆಕ್ಕಾಚಾರವನ್ನು ಅವಳಿಗೆ ಹೇಳಿದ್ದೆ.

"ಗುರು ಜೈಲಲ್ಲೇ ಇರ್ಲಿ ಅಂತಾನೇ ಈ ಕೆಲಸ ಬಿಟ್ರಾ? ಬೇರೆ ಏನಕ್ಕೂ ಅಲ್ಲ?"

"ಮತ್ತಿನ್ಯಾಕೆ?"

ಅವಳು ನನ್ನ ಮುಖ ನೋಡಿದಳು. ಎದ್ದು ಹುಳಿಯನ್ನು ಒಂದು ಡಬ್ಬಿಗೆ ತುಂಬಿ ಫ್ರಿಜ್‌ನಲ್ಲಿಟ್ಟಳು, ಬುಧವಾರಕ್ಕೆ ಎಂದಳು. ಅವಳಿಗೂ ಈಗ ನನ್ನ ಉಪಾಯ ಅರ್ಥವಾಗಿರಬೇಕು.

ಜೂನ್ 24

ಸೌತ್‌ಫೀಲ್ಡ್‌ನಲ್ಲಿ ಗುತ್ತಿಗೆ ಕೆಲಸ ಸಿಕ್ಕಿತು. ಬುಧವಾರ ಬರುವುದಿಲ್ಲ ಎಂದು ಮೊದಲೇ ಹೇಳಿದೆ.

ಜುಲೈ 15, ಬುಧವಾರ

ಇಂದಿಗೆ ಮೂರು ವರ್ಷ.

ಹೋಗಬಾರದು ಎಂದಿದ್ದೆ. ಪದ್ಮಜಾ ರಜೆ ಹಾಕಿದ್ದಳು. ಬೆಳಿಗ್ಗೆ ತನ್ಮಯಿಯ ಫೋಟೋ ಮುಂದೆ ದೀಪ ಹಚ್ಚಿದ ಮೇಲೆ ಮನೆಯಲ್ಲಿ ಇಬ್ಬರೂ ಏನು ಮಾಡಬೇಕೆಂದು ತಿಳಿಯದೆ ಕೂತೆವು. ಥೆರಪಿ ತಪ್ಪಿಸಬಾರದು, ನಾನೂ ಬರ್ತೀನಿ ಎಂದು ಅವಳೇ ಎದ್ದಳು.

ದಾರಿಯಲ್ಲಿ ಹಿಂದಿನ ಸೀಟಿನಿಂದ ನಿರುಪಮಾ ತಾನಾಗಿಯೇ ಹೇಳಿದಳು. "ಅಕ್ಕಾರ, ನಾ ಅವತ್ತ ಕಾರಿನ ಕೀಲಿ ಕಸಗೊಂಡಿದ್ದೆ. ಅವರು ಮತ್ತ ಬೇಡಿದ್ರು. ಎಲ್ಲಾರ ಮುಂದ ಜಗಳ ಯಾಕ ಅಂತ ಕೊಟ್ಟುಬಿಟ್ಟೆ. ಕೋರ್ಟಿನ್ಯಾಗ ಇದನ್ನ ಯಾರೂ ಕೇಳಲಿಲ್ಲ."

ಪದ್ಮಜಾ ಕಿಟಕಿಯ ಕಡೆ ತಿರುಗಿದಳು. ನನಗೆ ಮುಂದಿನ ಎಕ್ಸಿಟ್‌ನಲ್ಲಿ ನಿಲ್ಲಿಸಿ ಬಾಗಿಲು ತೆಗೆದು, ಇಳಿ, ನಡೆದುಕೊಂಡು ಹೋಗು ಎನ್ನಬೇಕೆನಿಸಿತು. ಆ ಕಾಲುಗಳಲ್ಲಿ ಎಷ್ಟು ದೂರ ಹೋಗುತ್ತಾಳೋ ನೋಡೋಣ ಎನಿಸಿತು. ಈ ಪುಟದಲ್ಲಿ ಸುಳ್ಳು ಬರೆಯುವುದಿಲ್ಲ, ಹಾಗೇ ಅನಿಸಿತು. ಅಂದರೆ ಆ ಕೀಲಿ ಇವಳ ಕೈಯಲ್ಲಿತ್ತು. ಇವಳ ಮುಷ್ಟಿಯೊಳಗೆ.

ಎಕ್ಸಿಟ್ ದಾಟಿತು. ಥೆರಪಿಗೆ ಬಿಟ್ಟೆವು, ಕಾದೆವು, ಮನೆಗೆ ತಲುಪಿಸಿದೆವು. ಇಳಿಯುವಾಗ ಪದ್ಮಜಾ ಅವಳ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ನಾನು ಇಳಿಯಲಿಲ್ಲ.

ಇನ್ನು ಹೋಗುವುದಿಲ್ಲ. ಇಬ್ಬರೂ ಸಾಯಲಿ, ಒಬ್ಬ ಒಳಗೆ, ಒಬ್ಬಳು ಹೊರಗೆ.

ಜುಲೈ 22

ಹೋದೆ. ಹೊಸ ಡಾಕ್ಟರರ ಅಪಾಯಿಂಟ್‌ಮೆಂಟ್ ತುಂಬ ಕಷ್ಟಪಟ್ಟು ಸಿಕ್ಕಿದ್ದು, ತಪ್ಪಿದರೆ ಮತ್ತೆ ಅಕ್ಟೋಬರಿಗೆ. ಮಾತಾಡಲಿಲ್ಲ.

ನವೆಂಬರ್ 11

ಕಾಲಿನ ವ್ಯಾಯಾಮವನ್ನು ಮನೆಯಲ್ಲೂ ದಿನಾ ಮಾಡಬೇಕು, ನಿರುಪಮಾ ಮಾಡುವುದಿಲ್ಲ. ಬೈದೆ. ತನ್ಮಯಿಗೆ ಗಣಿತ ಹೇಳಿಕೊಡುವಾಗ ಹೀಗೇ ಬೈತಿದ್ರಿ, ಅಕಿ ನಮ್ಮನಿಗೆ ಬಂದು ನಿಮ್ಮ ದನಿ ಮಾಡಿ ತೋರಸ್ತಿದ್ಲು ಎಂದಳು. ಹೇಗೆ ಎಂದು ಕೇಳಿದೆ. ಮಾಡಿ ತೋರಿಸಿದಳು. ನನ್ನ ಹಾಗೇ ಇತ್ತು. ಕನ್ನಡದಲ್ಲಿ ಶುರುವಾಗಿ, ಸಿಟ್ಟು ಏರಿದ ಹಾಗೆ ಇಂಗ್ಲಿಷಿಗೆ ಹೋಗುವುದು.

ಇದು ನನಗೆ ಗೊತ್ತಿರಲಿಲ್ಲ. ತನ್ಮಯಿಯದು ಇನ್ನೂ ಏನೇನು ಆ ಮನೆಯಲ್ಲಿ ಉಳಿದಿದೆಯೋ. ಅದೆಲ್ಲ ನಮಗೆ ಸೇರಬೇಕಾದದ್ದು. ಮುಂದಿನ ವಾರ ಕೇಳಬೇಕು.

ಮಾರ್ಚ್ 18, 2010

ಕೊನೆಗೂ ಕೊವಾಲ್ಸ್ಕಿಯ ಫೋನು. ಅರ್ಜಿಯ ಬಗ್ಗೆ ವಾಷಿಂಗ್ಟನ್ನಿನವರು ಕೇಳಿದ್ದಾರೆ, ಮಗಳನ್ನು ಕಳೆದುಕೊಂಡವರಾಗಿ ನಿಮ್ಮ ಅಭಿಪ್ರಾಯವೇನು ಎಂದಳು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹದ ಮಾಡಿಟ್ಟುಕೊಂಡಿದ್ದ ಮಾತು. ನಿಂತುಕೊಂಡೇ ಹೇಳಿದೆ.

ಆಕೆಯನ್ನು ನೋಡಿಕೊಳ್ಳಲು ಯಾರೂ ಇಲ್ಲ ಎಂಬುದು ಸುಳ್ಳು. ಜನ ಇದ್ದಾರೆ. ಪ್ರತಿ ವಾರ ಥೆರಪಿಗೆ ಕರೆದುಕೊಂಡು ಹೋಗುತ್ತಾರೆ. ಹಿಮ ಬಾಚುತ್ತಾರೆ, ಔಷಧಿ ತರುತ್ತಾರೆ, ಅಡುಗೆ ಕಳಿಸುತ್ತಾರೆ, ಮನೆಯನ್ನು ಆಕೆಯ ಕಾಲಿಗೆ ಹೊಂದುವಂತೆ ಮಾಡಿದ್ದಾರೆ. ಯಾರು ಎಂದು ಕೇಳಿದಳು. ನಾನು ಎಂದೆ. ನಾನು ಮತ್ತು ನನ್ನ ಹೆಂಡತಿ.

ಆಮೇಲೆ ಅವಳು ತುಂಬ ಮೆತ್ತಗಿನ ದನಿಯಲ್ಲಿ ಕೇಳಿದಳು, "ಮಿಸ್ಟರ್ ಜಗನ್ನಾಥ್, ಹಾಗಾದರೆ ನೀವು ಆತನನ್ನು ಕ್ಷಮಿಸಿದ್ದೀರಾ?"

ಇಲ್ಲ ಎಂದೆ. ಅವಳು ನಂಬಲಿಲ್ಲ. ದನಿಯಲ್ಲೇ ಗೊತ್ತಾಯಿತು. ಸತ್ತವಳ ತಂದೆಯೇ ಅಪರಾಧಿಯ ಹೆಂಡತಿಯನ್ನು ನೋಡಿಕೊಳ್ಳುತ್ತಿದ್ದಾರೆ ಎಂದು ಬರೆದರೆ ಓದುವವರಿಗೆ ಅದು ಬೇರೆ ಥರ ಕೇಳಿಸುತ್ತದೆ, ಈ ಕೆಲಸದಲ್ಲಿ ನಾನು ಇಂಥದ್ದನ್ನು ನೋಡಿಲ್ಲ, ನಿಧಾನವಾಗಿ ಯೋಚಿಸಿ ಮತ್ತೆ ಫೋನು ಮಾಡಿ ಎಂದಳು.

ಅವಳು ಅಳುತ್ತಿದ್ದಳು ಎಂದು ಕಾಣುತ್ತದೆ.

ನನ್ನಷ್ಟು ಮೂರ್ಖ ಈ ಮಿಶಿಗನ್ನಿನಲ್ಲಿ ಇನ್ನೊಬ್ಬನಿಲ್ಲ. ಅವನನ್ನು ಹೂಳಲೆಂದು ಗುಂಡಿ ತೋಡಿದೆ, ಅವನು ಹತ್ತಿ ಬರಲು ಮೆಟ್ಟಿಲು ಮಾಡಿಕೊಟ್ಟೆ.

ಮಾರ್ಚ್ 24

ಹೋಗಲಿಲ್ಲ.

ಮಾರ್ಚ್ 31

ಹೋಗಲಿಲ್ಲ. ಗುರುವಿನ ವಕೀಲ ಫೋನು ಮಾಡಿ, ನೀವು ಮಾಡುತ್ತಿರುವ ಸಹಾಯದ ಬಗ್ಗೆ ಎರಡು ಸಾಲು ಬರೆದುಕೊಡುತ್ತೀರಾ ಎಂದ. ನನ್ನಿಂದ ಏನೂ ಕೇಳುವುದು ಬೇಡ ಎನ್ನುತ್ತಿದ್ದ ಗುರುವೇ ಈಗ ಬೇಕು ಎನ್ನುತ್ತಿದ್ದಾನಂತೆ. ಇಟ್ಟುಬಿಟ್ಟೆ.

ಏಪ್ರಿಲ್ 7

ಹೋಗಲಿಲ್ಲ. ಹೋದರೆ ಕ್ಷಮಿಸಿದ್ದಾನೆ ಎನ್ನುತ್ತಾರೆ, ಅವನು ಹೊರಗೆ. ಹೋಗದಿದ್ದರೆ ಹೆಂಡತಿಗೆ ಯಾರೂ ಇಲ್ಲ, ಅವನು ಹೊರಗೆ. ಯಾವ ಕಡೆ ತಿರುಗಿದರೂ ಬಾಗಿಲು ಅವನಿಗೇ ತೆರೆಯುತ್ತದೆ.

ಪದ್ಮಜಾ ಬೆಳಿಗ್ಗೆ ಡಬ್ಬಿ ತುಂಬಿದಳು. ಸಂಜೆ ಅದನ್ನು ನಾವೇ ತಿಂದೆವು. ಇಬ್ಬರಿಗೂ ಸೇರಲಿಲ್ಲ.

ಏಪ್ರಿಲ್ 13

ಷರೀಫರು ಫೋನು ಮಾಡಿದರು. "ಸಾರ್, ನಿರುಪಮಾ ಮೇಡಂ ಮೂರು ವಾರದಿಂದ ಅಂಗಡಿ ಕಡೆ ಬಂದಿಲ್ಲ. ನೀವು ಊರಲ್ಲಿಲ್ವೇನೋ ಅಂದ್ಕೊಂಡೆ. ನಾನೇ ಸಾಮಾನು ಕಳಿಸಿದೀನಿ, ನೀವೊಂದು ಸಲ ಹೋಗಿ ನೋಡ್ಕೊಂಡು ಬನ್ನಿ."

ಎಲ್ಲರ ಲೆಕ್ಕದಲ್ಲಿ ಯಾವಾಗಿನಿಂದ ಅವಳಿಗೆ ನಾನು ಜವಾಬ್ದಾರ?

ಏಪ್ರಿಲ್ 14, ಬುಧವಾರ

ಜಗಳ ಆಡಲೆಂದೇ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ನಿಮ್ಮ ಗಂಡ ನನ್ನ ಮಗಳನ್ನು ತಿಂದ, ಈಗ ನನ್ನ ಸಿಟ್ಟನ್ನೂ ತಿಂದ, ನಾನು ಬರುತ್ತಿದ್ದದ್ದು ಅವನ ಅರ್ಜಿ ಮುರಿಯಲು, ನಿಮ್ಮ ಮೇಲಿನ ಕರುಣೆಯಿಂದಲ್ಲ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ.

ಅವಳು ಗಾಲಿ ಕುರ್ಚಿಯಲ್ಲಿದ್ದಳು. ಈ ಮೂರು ವಾರದಲ್ಲಿ ಕೋಲು ಬಿಟ್ಟು ಕುರ್ಚಿಗೆ ಬಂದಿದ್ದಾಳೆ.

"ಅದು ನನಗ ಮೊದಲನೇ ದಿನಾನ ತಿಳಿದಿತ್ರಿ ಅಣ್ಣಾರ. ಅವರನ್ನ ಮನಿಯೊಳಗ ಬಿಟ್ಟುಕೋಬ್ಯಾಡ್ರಿ, ಅರ್ಜಿಗೆ ಪೆಟ್ಟು ಬೀಳ್ತೈತಿ ಅಂತ ವಕೀಲ್ರು ಅವಾಗನ ಹೇಳಿದ್ರು."

"ಮತ್ತೆ ಯಾಕೆ ಬಿಟ್ಟುಕೊಂಡ್ರಿ?"

"ನಿಮ್ಮ ಸಿಟ್ಟು ತೀರಿದ್ರ ತೀರ್ಲಿ ಅಂದೆ. ನೀವು ಸಿಟ್ಟೀಲೆ ಬಂದು ಬಚ್ಚಲದಾಗ ಹಿಡಿಕಿ ಹಾಕಿದ್ರಿ. ಸಿಟ್ಟೀಲೆ ಹಾಕಿದ್ದಾದ್ರೂ, ಅದನ್ನ ಹಿಡಕೊಂಡ್ರ ನಾ ಬೀಳೂದಿಲ್ಲ. ನನಗ ಅಷ್ಟ ಸಾಕಿತ್ರಿ."

ಥೆರಪಿಗೆ ತಡವಾಗುತ್ತಿತ್ತು. ಗಾಲಿ ಕುರ್ಚಿ ಮಡಿಸುವುದು ಹೇಗೆ ಎಂದು ಅವಳು ತೋರಿಸಿದಳು, ಟ್ರಂಕಿನಲ್ಲಿ ಇಟ್ಟೆ.

ಗಂಡನನ್ನು ಜೈಲಿನಿಂದ ಬಿಡಬೇಕು ಎಂದು ನಿಮಗಿದೆಯೇ ಎಂದು ದಾರಿಯಲ್ಲಿ ಕೇಳಿದೆ. ಒಂದೊಂದು ದಿನ ಐತ್ರಿ, ಒಂದೊಂದು ದಿನ ಇಲ್ಲ ಎಂದಳು.

ಏಪ್ರಿಲ್ 16

ಕೊವಾಲ್ಸ್ಕಿಗೆ ಫೋನು ಮಾಡಿ ಹೇಳಿದೆ: ಆತನನ್ನು ನಾನು ಕ್ಷಮಿಸಿಲ್ಲ. ಶಿಕ್ಷೆ ಒಂದು ದಿನವೂ ಕಡಿಮೆಯಾಗಬಾರದು. ಆತನ ಹೆಂಡತಿಯನ್ನು ನಾನು ನೋಡಿಕೊಳ್ಳುತ್ತೇನೆ, ಮುಂದೆಯೂ ನೋಡಿಕೊಳ್ಳುತ್ತೇನೆ.

ಇದರಲ್ಲಿ ಯಾವುದನ್ನು ನಿಮ್ಮ ಅಭಿಪ್ರಾಯ ಎಂದು ಬರೆಯಲಿ ಎಂದು ಕೇಳಿದಳು.

ಎರಡನ್ನೂ ಬರೆದುಕೊಳ್ಳಿ ಎಂದೆ. ಅರ್ಥ ಮಾಡಿಕೊಳ್ಳುವುದು ಅಧ್ಯಕ್ಷರ ಪಾಡು. ಅದಕ್ಕೇ ಅಲ್ಲವೇ ಅವರನ್ನು ಆರಿಸಿರುವುದು.

ಆಗಸ್ಟ್ 25

ನಿರುಪಮಾಳ ಗಾಲಿ ಕುರ್ಚಿಗೆಂದು ಅವಳ ಬಾಗಿಲಿಗೆ ಕಟ್ಟುತ್ತಿದ್ದ ಇಳಿಜಾರು, ರ್ಯಾಂಪ್, ಮುಗಿಯಿತು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು ಎಂಬುದು ಕಾನೂನು. ನಾನು ಹದಿನೈದು ಕೊಟ್ಟೆ. ಪದ್ಮಜಾ ಬಣ್ಣ ಹಚ್ಚಿದಳು. ಮುಂದಿನ ವಾರ ಮಳೆ ಇಲ್ಲದಿದ್ದರೆ ಎರಡನೆಯ ಕೋಟು.

ಅರ್ಜಿಯ ವಿಷಯ ಏನೂ ಸುದ್ದಿಯಿಲ್ಲ. ಕೆಲವು ವಾರಗಳಿಂದ ನೋಡುವುದು ಮರೆತಿದ್ದೆ.

ಅಕ್ಟೋಬರ್ 30

ಅಧ್ಯಕ್ಷರು ಅರ್ಜಿಯನ್ನು ತಿರಸ್ಕರಿಸಿದ್ದಾರೆ. ನೂರಾರು ಅರ್ಜಿಗಳ ಜೊತೆ ಇದೂ ಒಂದು. ಕಾರಣವಿಲ್ಲ. ನಾನು ಹೇಳಿದ್ದನ್ನು ಅವರು ಓದಿದರೋ, ಅದು ಅವರ ಮೇಜಿನವರೆಗೆ ಹೋಯಿತೋ, ಅದೂ ಗೊತ್ತಾಗುವುದಿಲ್ಲ ಎಂದಳು ಕೊವಾಲ್ಸ್ಕಿ.

ಗೆದ್ದೆ. ಗುರು ಪೂರ್ತಿ ಶಿಕ್ಷೆ ಅನುಭವಿಸುತ್ತಾನೆ. ಎರಡು ವರ್ಷ ಇದಕ್ಕಾಗಿ ಕಾದಿದ್ದೆ.

ಪದ್ಮಜಾಗೆ ಹೇಳಿದೆ. ನಿರುಪಮಾಗೆ ಯಾರು ಹೇಳ್ತಾರೆ ಎಂದು ಕೇಳಿದಳು. ವಕೀಲ ಹೇಳುತ್ತಾನೆ ಎಂದೆ. ಪಾರ್ಕಿಗೆ ಹೋಗಿ ಸ್ವಲ್ಪ ಹೊತ್ತು ನಡೆದು ಬಂದೆವು. ಎಲೆಗಳೆಲ್ಲ ಉದುರಿ ಆಗಿದೆ.

ನವೆಂಬರ್ 3, ಬುಧವಾರ

ಹೋಗಿದ್ದೆ.

ಅವಳಿಗೆ ಮೊದಲೇ ತಿಳಿದಿತ್ತು. ಅತ್ತಂತೆ ಕಾಣಲಿಲ್ಲ, ಅಥವಾ ಅತ್ತು ಮುಗಿದಿತ್ತು. ಥೆರಪಿಯಿಂದ ವಾಪಸು ಬಂದು, ಅವಳನ್ನು ಅಡುಗೆಮನೆಯ ಮೇಜಿನ ಹತ್ತಿರ ಕೂರಿಸಿ, ಕೋಟು ಹಾಕಿಕೊಳ್ಳುತ್ತಿದ್ದೆ. ಫೋನು ರಿಂಗಾಯಿತು. ಇವತ್ತು ಅವಳ ಎರಡೂ ಕೈ ಸ್ವಾಧೀನ ತಪ್ಪಿದ್ದವು. ತಗೋರಿ ಅಣ್ಣಾರ ಎಂದಳು.

ತೆಗೆದೆ. ಧ್ವನಿಮುದ್ರಿಸಿದ ಹೆಂಗಸಿನ ದನಿ: ಇದು ಫೆಡರಲ್ ಜೈಲಿನಿಂದ ಬಂದ ಕರೆ. ನಡುವೆ ಒಂದು ಗಂಡಸಿನ ದನಿ, ತನ್ನ ಹೆಸರು ಮಾತ್ರ: ಗುರುಲಿಂಗಪ್ಪ. ನಾಲ್ಕು ವರ್ಷದ ಮೇಲೆ ಕೇಳಿದೆ. ಕರೆಯನ್ನು ಸ್ವೀಕರಿಸುವುದಾದರೆ ಐದನ್ನು ಒತ್ತಿ, ಬೇಡವಾದರೆ ಇಟ್ಟುಬಿಡಿ.

ನಿರುಪಮಾ ನನ್ನನ್ನು ನೋಡುತ್ತಿದ್ದಳು. ಫೋನು ನನ್ನ ಕೈಯಲ್ಲಿತ್ತು. ಇಟ್ಟುಬಿಟ್ಟಿದ್ದರೆ ಅವಳು ಯಾರಿಗೂ ದೂರು ಹೇಳುತ್ತಿರಲಿಲ್ಲ. ಮುದ್ರಿಸಿದ ದನಿ ಇನ್ನೊಮ್ಮೆ ಅದನ್ನೇ ಹೇಳಿತು.

ಐದನ್ನು ಒತ್ತಿದೆ.

ಅವಳಿಗೆ ಹಿಡಿದುಕೊಳ್ಳಲು ಆಗುತ್ತಿರಲಿಲ್ಲ, ಕಿವಿಗೆ ನಾನೇ ಹಿಡಿದು ನಿಂತೆ. ಅವನು ಅತ್ತದ್ದು ನನಗೂ ಕೇಳುತ್ತಿತ್ತು. ಅವಳು ಊಟ, ಔಷಧಿ, ಹವಾ, ಹೊಸ ರ್ಯಾಂಪು ಎಂದು ಏನೇನೋ ಹೇಳಿದಳು. ಪಕ್ಕದಲ್ಲಿ ಯಾರಿದ್ದಾರೆ ಎಂದು ಅವನು ಕೇಳಿದ. ಅಣ್ಣಾರ ಅದಾರ ಎಂದಳು. ಆಮೇಲೆ ಆ ಕಡೆಯಿಂದ ಉಸಿರು ಮಾತ್ರ. ಹೇಳಲು ನನ್ನಲ್ಲಿ ಒಳ್ಳೆಯದೇನೂ ಇರಲಿಲ್ಲ.

ತೋಳು ಸೋತು ಬಂತು. ಕೈ ಬದಲಾಯಿಸಿ ಹಿಡಿದೆ. ಜೈಲಿನವರೇ ಕರೆ ಕಡಿಯುವ ತನಕ ಹಿಡಿದೇ ನಿಂತಿದ್ದೆ.